ಕಟಕ್ ಎನ್ನುವವರೆಗೆ

ಯಂತ್ರ ಮತ್ತೆ ಕೂಗಿತು. ಒಂದೇ ಉಸಿರಿನಲ್ಲಿ, ಉದ್ದಕ್ಕೆ, ಬಾಗಿಲ ಸಂದಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಹಾಗೆ. ವಾಚಪ್ಪನವರು ಗಾಬರಿಯಲ್ಲಿ ಗೋಡೆಯ ಸ್ವಿಚ್ಚನ್ನೇ ಆರಿಸಿದರು. ಒಳಗಿನ ಪುಟ್ಟ ಫ್ಯಾನು ಮನಸ್ಸಿಲ್ಲದ ಮನಸ್ಸಿನಿಂದ ಇನ್ನೊಂದು ಸುತ್ತು ತಿರುಗಿ ನಿಂತಿತು. ಪರದೆ ಮೊದಲಿನಿಂದಲೂ ಕಪ್ಪಗಿತ್ತು, ಈಗಲೂ ಕಪ್ಪಗೇ ಇತ್ತು. ಅದರಲ್ಲಿ ಕಾಣುತ್ತಿದ್ದದ್ದು ಕನ್ನಡಕ ಹಣೆಗೇರಿಸಿಕೊಂಡ ಅವರದೇ ಮುಖ.

"ಇಷ್ಟಕ್ಕೆಲ್ಲ ಹೀಗೆ ಕೂಗ್ತಾರೇನಪ್ಪ," ಎಂದು ಯಂತ್ರಕ್ಕೆ ಮೆಲ್ಲಗೆ ಹೇಳಿದರು.

ಸೊಸೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಆಸ್ಪತ್ರೆಗೆ ಹೋಗಿದ್ದಳು. ಅಲ್ಲಿ ಸಾಲು ಉದ್ದ ಇರುತ್ತದೆ, ಮಧ್ಯಾಹ್ನದೊಳಗೆ ಬರುವುದಿಲ್ಲ ಎಂಬ ಲೆಕ್ಕದಲ್ಲೇ ಅವರು ಈ ಕೆಲಸಕ್ಕೆ ಕೈ ಹಾಕಿದ್ದು. ಅವಳು ಬರುವ ಹೊತ್ತಿಗೆ ಮುಚ್ಚಳ ಮುಚ್ಚಿ, ಮೇಜು ಒರೆಸಿ, ಏನೂ ಅರಿಯದವರ ಹಾಗೆ ಪೇಪರ್ ಹಿಡಿದು ಕುಳಿತಿರಬೇಕು. ಅವಳು ಸ್ವಿಚ್ ಹಾಕಿದ ಕೂಡಲೇ ಯಂತ್ರ ಚಕ್ಕನೆ ಎದ್ದು ಕೂರಬೇಕು, ಅವಳು "ಇದೇನಿದು" ಅನ್ನಬೇಕು, ತಾವು ಪೇಪರಿನಿಂದ ತಲೆ ಎತ್ತದೆ "ಏನೋ ಒಂದಿಷ್ಟು ಮೆಮೊರಿ ಹಾಕಿದೆ" ಅನ್ನಬೇಕು. ಆ "ಒಂದಿಷ್ಟು" ಅನ್ನುವುದನ್ನು ಎಷ್ಟು ಹಗುರವಾಗಿ ಅನ್ನಬೇಕೆಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ ಅಭ್ಯಾಸ ಕೂಡ ಮಾಡಿಕೊಂಡಿದ್ದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುವುದು ಇಂಥದ್ದಕ್ಕೇ.

ಕಂಪ್ಯೂಟರು ಹಳೆಯದು. ಸೊಸೆ ನಕ್ಷೆ ಬರೆಯುವುದನ್ನು ಕಲಿಯುವಾಗ ಅವಳ ಅಪ್ಪ ಕೊಡಿಸಿದ್ದು. ಅಪ್ಪ ಲಾರಿ ಮೆಕ್ಯಾನಿಕ್. ಮದುವೆಯಾದ ಮೇಲೆ ಅದು ಎರಡು ಟೈರುಗಳ ನಡುವೆ ಕಂಬಳಿ ಹೊದ್ದುಕೊಂಡು ಲಾರಿಯಲ್ಲೇ ಈ ಮನೆಗೆ ಬಂದಿತ್ತು. ಒಬ್ಬ ಎಂಜಿನಿಯರರಿಗೆ ಅವಳು ಮನೆಯಲ್ಲೇ ಕುಳಿತು ಕಟ್ಟಡಗಳ ನಕ್ಷೆ ಬರೆದುಕೊಡುತ್ತಿದ್ದಳು. ಬೆಳಿಗ್ಗೆ ಸ್ವಿಚ್ ಹಾಕಿ, ಮಗುವಿಗೆ ಸ್ನಾನ ಮಾಡಿಸಿ, ಹಾಲು ಕುಡಿಸಿ, ಮಲಗಿಸಿ ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುತ್ತಿತ್ತು. "ಏಳಪ್ಪ ರಾಯ, ಹೊತ್ತಾಯ್ತು," ಎಂದು ಅವಳು ಅದಕ್ಕೆ ಹೇಳುವುದು ಗೋಡೆಯಾಚೆಯ ಕೋಣೆಯಲ್ಲಿದ್ದ ವಾಚಪ್ಪನವರಿಗೆ ದಿನವೂ ಕೇಳುತ್ತಿತ್ತು. ಹೊಸದು ತಗೋ ಎಂದು ಗಂಡ ಹೇಳಿದರೆ, "ಇರ್ಲಿ, ಅಪ್ಪ ಕೊಡ್ಸಿದ್ದು," ಅನ್ನುತ್ತಿದ್ದಳು. ಆ ಮಾತೂ ಕೇಳಿಸುತ್ತಿತ್ತು. ಗೋಡೆ ತೆಳ್ಳಗಿನದು.

ಬೀದಿಯವರಿಗೆಲ್ಲ ಅವರು ವಾಚಪ್ಪ. ಬೀರುವಿಗಿಂತ ತುಸು ಅಗಲದ ಅಂಗಡಿಯಲ್ಲಿ ತಲೆ ತಗ್ಗಿಸಿ ಕುಳಿತು ವಾಚು ರಿಪೇರಿ ಮಾಡಿದ್ದೇ ಅವರ ಜೀವಮಾನ. ಕೆಲಸ ಕಲಿಸಿದ ಯಜಮಾನರು ಮೊದಲ ದಿನ ಹೇಳಿದ್ದು ಒಂದೇ ಮಾತು: "ಬಲ ಹಾಕ್ಬೇಕು ಅನ್ನಿಸಿದ್ರೆ ಕೈ ತೆಗಿ. ಎಲ್ಲೋ ತಪ್ಪು ಮಾಡ್ತಿದೀಯ ಅಂತ ಅರ್ಥ." ಅವರ ಅಂಗಡಿಯಲ್ಲಿ ಕೇಳಬಹುದಾದ ಸದ್ದು ಟಿಕ್ ಟಿಕ್ ಒಂದೇ. ಬೇರೆ ಸದ್ದು ಬಂತೆಂದರೆ ಏನೋ ಮುರಿಯಿತೆಂದೇ ಲೆಕ್ಕ.

ಹೋದ ವರ್ಷ ಒಬ್ಬ ಹೆಂಗಸು ತನ್ನ ತಾಯಿಯ ಕೈಗಡಿಯಾರ ತಂದುಕೊಟ್ಟಿದ್ದಳು. ಅಂಗಿಯ ಗುಂಡಿಯಷ್ಟು ಚಿಕ್ಕದು. ಅದರೊಳಗಿನ ಸುರುಳಿ, ಕೂದಲಿಗಿಂತ ತೆಳ್ಳಗಿನದು, ಚಿಮಟದ ತುದಿಯಲ್ಲಿದ್ದಾಗ ಅವರ ಬಲಗೈ ತನ್ನಷ್ಟಕ್ಕೆ ನಡುಗಿತು. ಸುರುಳಿ ಮುದುಡಿ ಕಸವಾಯಿತು. ಪೇಟೆಯ ಆಚೆ ತುದಿಯ ಇನ್ನೊಬ್ಬ ರಿಪೇರಿಯವನ ಹತ್ತಿರ ಬೇರೆ ಸುರುಳಿ ಹಾಕಿಸಿ ಕೊಟ್ಟರು. ಆ ಹೆಂಗಸಿಗೆ ಏನೂ ಗೊತ್ತಾಗಲಿಲ್ಲ, ಖುಷಿಯಿಂದಲೇ ಹೋದಳು. ಅವರು ಮಾತ್ರ ಅದಾದ ಸ್ವಲ್ಪ ದಿನಕ್ಕೆ ಅಂಗಡಿ ಬಿಟ್ಟರು. ಕೇಳಿದವರಿಗೆಲ್ಲ "ಕಣ್ಣು ಮಂಜಾಯ್ತು" ಅಂದರು, ಮಗನಿಗೂ ಅದನ್ನೇ ಅಂದರು. ಕಣ್ಣು ಮಂಜಾದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಕೈ ನಡುಗುತ್ತದೆ ಅಂದರೆ ಸಂಜೆ ಎಲ್ಲಿಗೆ ಹೋಗಿ ಬರುತ್ತೀರಿ ಎಂದು ಕೇಳುತ್ತಾರೆ.

ಆ ಕೈಗಳನ್ನು ಅವರು ಅಂದಿನಿಂದ ನಂಬಲಿಲ್ಲ. ಲೋಟವನ್ನು ಅರ್ಧವೇ ತುಂಬಿಸಿಕೊಳ್ಳುತ್ತಿದ್ದರು. ಬಾಗಿಲ ಚಿಲಕವನ್ನೂ ಅದಕ್ಕೆ ನೋವಾದೀತೇನೋ ಎಂಬಂತೆ ಸರಿಸುತ್ತಿದ್ದರು. ಇಂಥ ಹೊತ್ತಿನಲ್ಲಿ ಮೊಮ್ಮಗಳು ಹುಟ್ಟಿದಳು. ತೊಟ್ಟಿಲಲ್ಲಿ ದುಂಡಗೆ ಮಲಗಿದ್ದವಳನ್ನು ನೋಡಿ ಲಾರಿ ಬೀಗರು "ಬಟಾಣಿ" ಅಂದರು, ಎಲ್ಲರೂ ಹಾಗೇ ಕರೆದರು. ಎಲ್ಲರೂ ಎತ್ತಿಕೊಂಡರು. ವಾಚಪ್ಪನವರು ತೊಟ್ಟಿಲ ಬದಿಗೆ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಮಾತಾಡಿಸಿ ಬರುತ್ತಿದ್ದರು. ಎತ್ತಿಕೊಳ್ಳಿ ಅಂದರೆ ಒಂದು ದಿನ ನೆಗಡಿ, ಒಂದು ದಿನ ಈಗಷ್ಟೇ ಎಣ್ಣೆ ಮುಟ್ಟಿದೆ, ಇನ್ನೊಂದು ದಿನ ಅವಳು ನಿದ್ದೆಯಲ್ಲಿದ್ದಾಳೆ, ಎಚ್ಚರವಾಗುತ್ತದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ನೆಪಗಳು. ಕೇಳಿದವರಿಗೆ ಅದು ಗೊತ್ತಾಗುವ ಹಾಗೆಯೇ ಇರುತ್ತಿದ್ದವು. ಕಡೆಕಡೆಗೆ ಸೊಸೆ ಎತ್ತಿಕೊಳ್ಳಿ ಅನ್ನುವುದನ್ನೇ ಬಿಟ್ಟಳು.

ಮಗುವನ್ನು ಎತ್ತಿಕೊಳ್ಳುವ ಆಸೆ ಅವರಿಗೆ ಎಷ್ಟಿತ್ತೆಂದರೆ, ಮನೆಯಲ್ಲಿ ಯಾರೂ ಇಲ್ಲದಾಗ ದಿಂಬನ್ನು ಎದೆಗಾನಿಸಿಕೊಂಡು ನಡುಮನೆಯಲ್ಲಿ ಅತ್ತಿಂದಿತ್ತ ನಡೆದು ನೋಡಿದ್ದರು. ದಿಂಬು ಬಿದ್ದಿರಲಿಲ್ಲ. ಆದರೆ ದಿಂಬು ಬಿದ್ದರೆ ಎತ್ತಿ ಕೊಡವಬಹುದು.

ಅದಕ್ಕೇ ಇವತ್ತು ಅವರು ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡಿದ್ದರು. ಈ ಮೆಮೊರಿ ಹಾಕುವ ಕೆಲಸವನ್ನು ಕೈಗಳು ಮಾಡಿ ತೋರಿಸಿದರೆ, ಸಂಜೆ ತಾವಾಗಿ ಬಾಯಿಬಿಟ್ಟು ಮಗುವನ್ನು ಕೇಳಿ ಎತ್ತಿಕೊಳ್ಳುವುದು. ಮಾಡದೆ ಹೋದರೆ ಆ ಆಸೆಯನ್ನು ಅಲ್ಲಿಗೇ ಬಿಡುವುದು. ಕೈಗಳಿಗೆ ಇದು ಕಡೆಯ ಪರೀಕ್ಷೆ.

ಕೆಲಸವೇನೋ ಶಿಸ್ತಾಗಿಯೇ ನಡೆದಿತ್ತು. ಸಿಪಿಯು ಡಬ್ಬದ ಮುಚ್ಚಳ ಬಿಚ್ಚಿ, ತಿರುಪುಗಳನ್ನು ಬಿಳಿ ಸಾಸರಿನಲ್ಲಿ ಗಡಿಯಾರದ ಮುಖದಂತೆ ಸುತ್ತಲೂ ಜೋಡಿಸಿದ್ದರು. ಮೊದಲು ಬಿಚ್ಚಿದ್ದು ಹನ್ನೆರಡರ ಜಾಗಕ್ಕೆ, ಆಮೇಲಿನದು ಒಂದರ ಜಾಗಕ್ಕೆ. ಹೀಗಿಟ್ಟರೆ ಮುಚ್ಚುವಾಗ ತಿರುಪು ತಪ್ಪುವುದಿಲ್ಲ. ಅಂಗೈಯುದ್ದದ, ಚಿಪ್ಪುಗಳ ಸಾಲಿರುವ ಹಳೆಯ ಮೆಮೊರಿ ಪಟ್ಟಿಯನ್ನು ಹೊರತೆಗೆದು, ಧೂಳು ಊದಿ, ಮರಳಿ ಅದರ ಜಾಗದಲ್ಲಿಟ್ಟರು. ಪಕ್ಕದ ಖಾಲಿ ಸಂದಿನಲ್ಲಿ ಹೊಸ ಪಟ್ಟಿ ಇಟ್ಟರು. ಎರಡು ತುದಿಯ ಬಿಳಿ ಕ್ಲಿಪ್ಪುಗಳನ್ನು ಚಿಮಟದಿಂದ ಒಂದೊಂದಾಗಿ ಮೇಲೆತ್ತಿ ಮುಚ್ಚಿದರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಎಲ್ಲ ನೆಟ್ಟಗಿತ್ತು. "ಕಟಕ್ ಅಂತ ಕೂರ್ಸಿ ಯಜಮಾನ್ರೇ, ಅಷ್ಟೇ ಕೆಲಸ," ಎಂದು ಕಂಪ್ಯೂಟರ್ ಅಂಗಡಿಯವನು ಹೇಳಿದ್ದ. ಈ ಕಾಲದವರು ಎಲ್ಲವನ್ನೂ ಹೀಗೇ ಒರಟಾಗಿ ಹೇಳುತ್ತಾರೆ ಎಂದುಕೊಂಡು ಅವರು ಆ ಮಾತನ್ನು ಅಂಗಡಿಯಲ್ಲೇ ಬಿಟ್ಟುಬಂದಿದ್ದರು.

ಆಮೇಲೆ ಸ್ವಿಚ್ ಹಾಕಿದರೆ ಈ ಕೂಗು.

ಗೇಟಿನ ಸದ್ದಾಯಿತು. ಮುಚ್ಚಳಕ್ಕೆ ಕೈ ಚಾಚಿದ ವಾಚಪ್ಪನವರಿಗೆ ಅದನ್ನು ಮುಚ್ಚುವಷ್ಟು ಹೊತ್ತು ಸಿಗಲಿಲ್ಲ.

"ಇವತ್ತು ಸಾಲೇ ಇರ್ಲಿಲ್ಲ ಮಾವ, ಹೋದ ಕೂಡ್ಲೇ ಚುಚ್ಚಿ ಕಳ್ಸಿದ್ರು. ದಾರೀಲೆಲ್ಲ ಅತ್ತು ಅತ್ತು ಈಗ ಮಲಗಿದಾಳೆ," ಎನ್ನುತ್ತ ಸೊಸೆ ಒಳಗೆ ಬಂದಳು. ನಡುಮನೆಯ ತೊಟ್ಟಿಲಲ್ಲಿ ಮಗುವನ್ನು ಮಲಗಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೋಣೆಯ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಮೇಜಿನ ಮೇಲೆ ಅವಳ ಯಂತ್ರ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಪಕ್ಕದಲ್ಲಿ ಬಿಳಿ ಬಟ್ಟೆ, ಚಿಮಟ, ಸಾಸರು.

"ಇದೇನ್ ಮಾವ?"

"ಒಂದಿಷ್ಟು ಮೆಮೊರಿ..." ಅಂದರು ವಾಚಪ್ಪನವರು. ಅಭ್ಯಾಸ ಮಾಡಿದ ಮಾತು ಅಷ್ಟಕ್ಕೇ ನಿಂತಿತು. "ಏಳ್ತಾನೇ ಇಲ್ಲಮ್ಮ ಅದು. ಬರೀ ಕೂಗುತ್ತೆ. ನಿನ್ನ ನಕ್ಷೆಗಳೆಲ್ಲ ಅದರೊಳಗೇ ಇದ್ವಲ್ಲ."

"ನಕ್ಷೆ ಎಲ್ಲ ಆಫೀಸಲ್ಲೂ ಇಟ್ಟಿದಾರೆ, ಅವಕ್ಕೇನಾಗಲ್ಲ." ಅವಳ ದನಿ ತಣ್ಣಗಿತ್ತು. "ಒಂದು ಮಾತು ಕೇಳ್ಬಾರ್ದಿತ್ತಾ ಮಾವ? ಅಪ್ಪ ಕೊಡ್ಸಿದ್ದು ಅದು."

ಅವಳಿಗೆ ಸಿಟ್ಟು ಬಂದಿತ್ತು. ಯಂತ್ರಕ್ಕಾಗಿ ಬಂದ ಸಿಟ್ಟಿನ ಜೊತೆ ಹಳೆಯದೊಂದೂ ಸೇರಿಕೊಂಡಿತ್ತು. ಮಗುವನ್ನು ಒಮ್ಮೆಯೂ ಮುಟ್ಟದ ಈ ಮನುಷ್ಯ ಅಪ್ಪ ಕೊಡಿಸಿದ ಯಂತ್ರವನ್ನು ಮಾತ್ರ ಹೇಳದೆ ಕೇಳದೆ ಬಿಚ್ಚಿ ಹಾಕಿದ್ದಾನಲ್ಲ ಎಂದುಕೊಂಡಳು. ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಅಂದುಕೊಂಡಳು.

ವಾಚಪ್ಪನವರು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು ಅವುಗಳನ್ನೇ ನೋಡುತ್ತ ಕುಳಿತಿದ್ದರು. ಬಲಗೈಯ ಬೆರಳುಗಳು ಮೆಲ್ಲಗೆ ಅಲುಗುತ್ತಿದ್ದವು.

"ಕೈ ನಡುಗುತ್ತಮ್ಮ ನಂಗೆ," ಅಂದರು. "ನಡುಗಿ ಎಲ್ಲೋ ಏನೋ ಮುರಿದುಬಿಟ್ಟಿದೀನಿ. ಗೊತ್ತಾಗದ ಹಾಗೆ."

"ಕಣ್ಣು ಮಂಜು ಅಂತಿದ್ರಲ್ಲ ನೀವು?"

"ಕಣ್ಣಿಗೇನಾಗಿದೆ? ಬೇಕಾದ್ರೆ ಆ ಚಿಪ್ಪಿನ ಮೇಲಿನ ಅಕ್ಷರ ಓದಿ ಹೇಳ್ತೀನಿ." ನಿಜಕ್ಕೂ ಬಗ್ಗಿ ಓದಲು ಹೊರಟು, ಅರ್ಧಕ್ಕೆ ಬಿಟ್ಟರು. "ಕೈಯಮ್ಮ. ಅಂಗಡಿ ಬಿಟ್ಟಿದ್ದೂ ಅದಕ್ಕೇ. ಬಟಾಣೀನ ಎತ್ಕೊಳ್ಳದೇ ಇರೋದೂ ಅದಕ್ಕೇ. ಜಾರಿಸಿಬಿಟ್ರೆ ಅಂತ."

ಸೊಸೆ ಪಕ್ಕದ ಕುರ್ಚಿಯಲ್ಲಿ ಕುಳಿತಳು. "ಹೆಣ್ಣು ಅಂತ ಬೇಜಾರೋ ಏನೋ, ಒಂದು ದಿನಾನೂ ಎತ್ಕೊಂಡಿಲ್ಲ," ಎಂದು ಅವಳು ತಾಯಿಯ ಹತ್ತಿರ ಫೋನಿನಲ್ಲಿ ಹೇಳಿದ್ದಳು. ಒಂದು ಸಲವಲ್ಲ. ಹೇಳಿ ಅತ್ತಿದ್ದಳು ಕೂಡ. ಗೋಡೆ ತೆಳ್ಳಗಿರುವುದು ಈಗ ನೆನಪಾಗಿ ಮುಖ ಬಿಸಿಯಾಯಿತು. ಕೇಳಿಸಿಕೊಂಡಿದ್ದರೂ ಈ ಮನುಷ್ಯ ಹೀಗೇ ಕೈ ಕಟ್ಟಿಕೊಂಡು ನಿಂತಿದ್ದರೇ? ಅವರ ಮೇಲೆ ಮರುಕ ಹುಟ್ಟಿತು. ಇಷ್ಟು ತಿಂಗಳು ಬಾಯಿಬಿಡದೆ ಇದ್ದದ್ದಕ್ಕೆ, ಮೊದಲಿನದಕ್ಕಿಂತ ಬೇರೆಯಾದ ಒಂದು ಸಿಟ್ಟೂ ಬಂತು. ಮನೆಯವರ ಮೇಲೆ ಮಾತ್ರ ಬರುವ ಸಿಟ್ಟು ಅದು.

"ಬನ್ನಿ," ಅಂದಳು, ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು. "ಇಬ್ರೂ ಸೇರಿ ನೋಡೋಣ."

ನೋಡಿದರು. ಮೊದಲು ಹೊಸ ಪಟ್ಟಿಯನ್ನು ತೆಗೆದು, ಹಳೆಯದೊಂದನ್ನೇ ಇಟ್ಟು ಸ್ವಿಚ್ ಹಾಕಿದರು. ಕೂಗಿತು. "ಹಳೇದೂ ಹೋಯ್ತು ನೋಡು," ಅಂದರು ವಾಚಪ್ಪನವರು, ಸತ್ತ ಸುದ್ದಿ ಹೇಳುವ ದನಿಯಲ್ಲಿ. "ಸುಮ್ನಿರಿ ಮಾವ, ಹೋಗಿದೆಯೋ ಬರ್ತಿದೆಯೋ ಆಮೇಲೆ ಹೇಳೋಣ," ಅಂದಳು. ಅವಳು ನಕ್ಷೆ ತಿದ್ದುವ ರಬ್ಬರು ತಂದುಕೊಟ್ಟಳು. ಬ್ಯಾಟರಿ ವಾಚುಗಳ ತುಕ್ಕನ್ನು ಅವರು ರಬ್ಬರಿನಿಂದಲೇ ಎಷ್ಟೋ ಸಲ ತೆಗೆದಿದ್ದರು. ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿ, ಪುಡಿ ಕೊಡವಿ, ಬೇರೆ ಸಂದಿನಲ್ಲಿಟ್ಟು ನೋಡಿದರು. ಕೂಗಿತು. ಹೊಸದೊಂದನ್ನೇ ಇಟ್ಟು ನೋಡಿದರು. ಅದಕ್ಕೂ ಕೂಗಿತು. ಯಾವ ಮದ್ದಿಗೂ ಜಗ್ಗದ ರೋಗಿಯ ಹಾಗೆ ಒಂದೇ ಕೂಗು.

ಈ ನಡುವೆ ಸೊಸೆ ಒಂದು ವಿಷಯ ಗಮನಿಸಿದಳು. ಸ್ವಿಚ್ ಅವಳ ಕೈಯಲ್ಲಿತ್ತು, ಪಟ್ಟಿ ಇಡುವ ತೆಗೆಯುವ ಕೆಲಸವೆಲ್ಲ ಮಾವನದು. ಪಟ್ಟಿಯ ಕಡೆಗೆ ಹೋಗುವಾಗ ಅವರ ಬೆರಳುಗಳು ನಡುಗುತ್ತಿದ್ದವು. ಮುಟ್ಟಿದ ಕೂಡಲೇ ನಿಲ್ಲುತ್ತಿದ್ದವು. ಸಂದಿನ ಮೇಲೆ ಪಟ್ಟಿಯನ್ನು ನೇರವಾಗಿ ಹಿಡಿದಾಗ ಆ ಕೈ ಕಲ್ಲಿನಂತೆ ಅಲುಗಾಡದೆ ಇರುತ್ತಿತ್ತು. ಅವಳು ಅದನ್ನು ಹೇಳಬೇಕೆಂದುಕೊಂಡಳು. ಹೇಳಿದರೆ ಸಮಾಧಾನಕ್ಕೆ ಹೇಳಿದ ಹಾಗೆ ಕೇಳುತ್ತದೆ ಎಂದು ಸುಮ್ಮನಾದಳು.

ಫೋನು ಬಂತು. ಅವಳ ಅಪ್ಪ. ಅವಳು ಕೈ ಖಾಲಿಯಿಲ್ಲದೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಬಟಾಣಿಗೆ ಜ್ವರ ಬಂತಾ?" ಲಾರಿ ಮೆಕ್ಯಾನಿಕ್ಕಿನ ದನಿ ಕೋಣೆ ತುಂಬಿತು. ಗ್ಯಾರೇಜಿನಲ್ಲಿ ಎಂಜಿನ್ನುಗಳ ಮೇಲೆ ಕೂಗಿ ಕೂಗಿ ಅವರಿಗೆ ಮೆತ್ತಗೆ ಮಾತಾಡುವುದು ಮರೆತೇಹೋಗಿತ್ತು.

"ಇಲ್ಲಪ್ಪ, ಮಲಗಿದಾಳೆ. ಮೆಲ್ಲಗೆ ಮಾತಾಡು."

ಅಷ್ಟರಲ್ಲಿ ಯಂತ್ರ ಮತ್ತೆ ಕೂಗಿತು.

"ಮಲಗಿದಾಳೆ ಅಂತೀಯ, ಅದ್ಯಾರು ಹಾಗೆ ಅಳ್ತಿರೋದು?"

"ಕಂಪ್ಯೂಟರಪ್ಪ. ಕೆಟ್ಟಿದೆ. ಮಾವ ರಿಪೇರಿ ಮಾಡ್ತಿದಾರೆ."

ವಾಚಪ್ಪನವರು ತಲೆ ಎತ್ತಿ ಅವಳನ್ನು ನೋಡಿದರು. ಮಾವ ಕೆಡಿಸಿದ್ದಾರೆ ಅನ್ನಬಹುದಿತ್ತು, ಅಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಅವಳು ಅನ್ನಲಿಲ್ಲ. ಅವರು ಮತ್ತೆ ತಲೆ ತಗ್ಗಿಸಿ ಹಳೆಯ ಪಟ್ಟಿಯನ್ನು ಕೈಗೆತ್ತಿಕೊಂಡರು.

"ಬೀಗರೇ, ಒಂದು ಏಟು ಕೊಡಿ ಅದಕ್ಕೆ," ಅಂದರು ಲಾರಿ ಬೀಗರು.

"ಏಟಾ?" ವಾಚಪ್ಪನವರು ಹೌಹಾರಿದರು. ಮದುವೆಯ ಮಾತುಕತೆಯ ದಿನ ಇದೇ ಬೀಗರು ಸಂತೋಷಕ್ಕೆ ಬೆನ್ನಿಗೊಂದು ಗುದ್ದಿ, ಅವರ ಕನ್ನಡಕ ಕಾಫಿಯ ಲೋಟಕ್ಕೆ ಬಿದ್ದಿತ್ತು. ಆ ಬೆನ್ನು ಅದನ್ನು ಇನ್ನೂ ಮರೆತಿರಲಿಲ್ಲ. "ಇದು ಸೂಕ್ಷ್ಮದ ಸಾಮಾನು ಬೀಗರೇ."

"ಸೂಕ್ಷ್ಮ ಗೀಕ್ಷ್ಮ ನಂಗೊತ್ತಿಲ್ಲಪ್ಪ. ನಂಗೆ ಗೊತ್ತಿರೋದು ಲಾರಿ. ಲಾರೀಲಿ ಯಾವ ಸಾಮಾನು ಕೂತ್ರೂ ಸದ್ದು ಮಾಡ್ಕೊಂಡೇ ಕೂರೋದು. ಸದ್ದಾಗ್ಲಿಲ್ಲ ಅಂದ್ರೆ ಕೂತಿಲ್ಲ ಅಂತ. ಇಡ್ತೀನಿ, ಇಲ್ಲೊಬ್ಬ ಗೇರ್‌ಬಾಕ್ಸ್ ಬಿಚ್ಕೊಂಡು ಕೂತಿದಾನೆ. ಬಟಾಣಿಗೆ ಜ್ವರ ಬಂದ್ರೆ ಹೇಳು."

ಫೋನು ಆರಿತು. ಸೊಸೆ ನಗುತ್ತಿದ್ದವಳು ನಗು ನಿಲ್ಲಿಸಿ, ಮಾವನ ಕೈಯಲ್ಲಿದ್ದ ಪಟ್ಟಿಯನ್ನೇ ನೋಡಿದಳು.

"ಮಾವ, ನೀವು ಇದನ್ನ ಇಟ್ಟಾಗ ಸದ್ದು ಬಂತಾ?"

"ಯಾವ ಸದ್ದು?"

"ಕಟಕ್ ಅಂತ."

"ಛೆ ಛೆ," ಅಂದರು ವಾಚಪ್ಪನವರು, ತಮ್ಮ ಕೆಲಸದ ಮೇಲೆ ಅಪವಾದ ಬಂದವರಂತೆ. "ಒಂಚೂರೂ ಸದ್ದು ಬರ್ಲಿಲ್ಲ. ಸದ್ದು ಬಂದ್ರೆ ಮುರೀತು ಅಂತ ಅಲ್ವೇನಮ್ಮ?"

"ಮತ್ತೆ ಆ ಕ್ಲಿಪ್ಪು?"

"ಅದನ್ನ ನಾನೇ ಚಿಮಟದಲ್ಲಿ ಮೇಲೆತ್ತಿದೆ. ನೀಟಾಗಿ."

"ಇನ್ನೊಂದ್ಸಲ ಇಡಿ ನೋಡೋಣ."

ಅವರು ಇಟ್ಟರು. ನಿದ್ದೆ ಹೋದ ಮಗುವನ್ನು ತೋಳಿನಿಂದ ಹಾಸಿಗೆಗೆ ಇಳಿಸುವ ಹಾಗೆ. ಪಟ್ಟಿ ಸಂದಿನ ಮೇಲೆ ಕುಳಿತಿತು, ಅವರ ಹೆಬ್ಬೆರಳು ಅದರ ಬೆನ್ನ ಮೇಲೊಮ್ಮೆ ಹಾದುಹೋಯಿತು. ಆಮೇಲೆ ಚಿಮಟಕ್ಕೆ ಕೈ ಚಾಚಿದರು. ಸೊಸೆ ಚಿಮಟವನ್ನು ಎತ್ತಿ ಆಚೆಗಿಟ್ಟಳು.

"ಒತ್ತಿ ಮಾವ."

"ಒತ್ತಿದ್ನಲ್ಲಮ್ಮ."

"ಅದು ಒತ್ತಿದ್ದಲ್ಲ, ಸವರಿದ್ದು."

ಅವರು ಎರಡೂ ಹೆಬ್ಬೆರಳುಗಳನ್ನು ಪಟ್ಟಿಯ ಎರಡು ತುದಿಗಿಟ್ಟು ಸ್ವಲ್ಪ ಬಲ ಹಾಕಿದರು. ಕೆಳಗಿನ ಹಸಿರು ಬೋರ್ಡು ತುಸುವೇ ಬಾಗಿತು. ಕೆಂಡ ಮುಟ್ಟಿದಂತೆ ಕೈ ತೆಗೆದರು.

"ಬಾಗ್ತಿದೆ. ಬೇಡಮ್ಮ. ಬಲ ಹಾಕ್ಬೇಕು ಅನ್ನಿಸಿದ್ರೆ..."

"ಬಾಗ್ಲಿ. ಅದು ಬಾಗುತ್ತೆ ಮಾವ, ಮುರಿಯಲ್ಲ. ಬಾಗದೇ ಇರೋ ಸಾಮಾನೇ ಮುರಿಯೋದು." ತಾನು ಆಡಿದ್ದು ತನ್ನ ಅಪ್ಪನ ಮಾತು ಎಂದು ಆಡಿದ ಮೇಲೆ ಅವಳಿಗೆ ಗೊತ್ತಾಯಿತು. "ಬೆರಳು ಅಲ್ಲೇ ಇಡಿ."

ಅವರು ಇಟ್ಟರು. ಅವಳು ಎದ್ದು, ಅವರ ಭುಜದ ಹಿಂದಿನಿಂದ ಬಗ್ಗಿ, ತನ್ನ ಹೆಬ್ಬೆರಳುಗಳನ್ನು ಅವರ ಹೆಬ್ಬೆರಳುಗಳ ಮೇಲಿಟ್ಟಳು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವಳು ಮಾವನ ಕೈ ಮುಟ್ಟಿದ್ದು ಅದೇ ಮೊದಲು. ಚರ್ಮ ಹಳೆಯ ಕಾಗದದಂತೆ ಒಣಗಿತ್ತು, ಬೆಚ್ಚಗಿತ್ತು. ನಡುಕ ಇರಲಿಲ್ಲ. ಅವಳು ಒತ್ತಿದಳು. ಬೋರ್ಡು ಬಾಗಿತು. ವಾಚಪ್ಪನವರು ಕಣ್ಣು ಮುಚ್ಚಿಕೊಂಡರು.

ಕಟಕ್.

"ಮುರೀತು," ಅಂದರು ಕಣ್ಣು ಮುಚ್ಚಿಯೇ.

ಇನ್ನೊಂದು ತುದಿಯಲ್ಲೂ ಕಟಕ್ ಅಂದಿತು.

"ಕಣ್ಬಿಟ್ಟು ನೋಡಿ ಮಾವ."

ಎರಡು ಕಡೆಯ ಬಿಳಿ ಕ್ಲಿಪ್ಪುಗಳು ಯಾರೂ ಮುಟ್ಟದೆ ತಾವಾಗಿ ಮೇಲೆದ್ದು ಪಟ್ಟಿಯ ಎರಡು ಕಿವಿಗಳನ್ನು ಹಿಡಿದುಕೊಂಡಿದ್ದವು. ಪಟ್ಟಿ ಮೊದಲಿಗಿಂತ ಒಂದು ಕೂದಲಿನಷ್ಟು ಕೆಳಗಿಳಿದಿತ್ತು. ಅಷ್ಟೇ. ಆ ಒಂದು ಕೂದಲನ್ನು ಭೂತಗನ್ನಡಿಯಲ್ಲಿ ಕೂಡ ಅವರು ಕಂಡಿರಲಿಲ್ಲ, ಯಾಕೆಂದರೆ ಹುಡುಕುತ್ತಿದ್ದದ್ದು ಮುರಿದದ್ದನ್ನು. ಮುರಿದದ್ದು ಅಲ್ಲಿ ಯಾವುದೂ ಇರಲಿಲ್ಲ.

"ಅಂದ್ರೆ," ಅಂದರು ವಾಚಪ್ಪನವರು ನಿಧಾನವಾಗಿ, "ಕೈ ನಡುಗಿದ್ದಕ್ಕಲ್ಲ."

"ಅಲ್ಲ."

"ಮೆತ್ತಗೆ ಇಟ್ಟಿದ್ದಕ್ಕೆ."

"ಹೂಂ. ಕೂತಿರ್ಲೇ ಇಲ್ಲ ಅದು. ಬರೀ ಹಾಗೆ ನಿಂತಿತ್ತು." ಸೊಸೆ ಹೊಸ ಪಟ್ಟಿಯನ್ನು ಎತ್ತಿ ಅವರ ಮುಂದೆ ಹಿಡಿದಳು. "ಇದನ್ನ ನೀವೊಬ್ರೇ ಹಾಕಿ."

ಅವರು ತೆಗೆದುಕೊಂಡರು. ಸಂದಿನ ಮೇಲೆ ನೇರ ಹಿಡಿದರು. ಹೆಬ್ಬೆರಳಿಟ್ಟರು. ಅರ್ಧ ಶತಮಾನದ ಕಾಲ ಬೆರಳುಗಳಿಗೆ ಬೇಡ ಬೇಡ ಎಂದು ಕಲಿಸಿದ್ದನ್ನು ಈಗ ಮಾಡು ಎಂದು ಒಪ್ಪಿಸಬೇಕಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಬದುಕಿದ ಕೈಗಳು ಅವು. ಅವರ ಕುತ್ತಿಗೆಯ ನರ ಉಬ್ಬಿತು. ಬೋರ್ಡು ಬಾಗಿತು, ಅವರು ಕೈ ತೆಗೆಯಲಿಲ್ಲ. ಒಂದು ತುದಿ ಕಟಕ್ ಅಂದಿತು. ಇನ್ನೊಂದು ಹಟ ಮಾಡಿತು. ಅವರು ಹಲ್ಲು ಕಚ್ಚಿ ಒತ್ತಿದರು. ಅದೂ ಅಂದಿತು.

ಸೊಸೆ ಸ್ವಿಚ್ ಹಾಕಿದಳು.

ಫ್ಯಾನು ತಿರುಗಿತು. ಯಂತ್ರ ಕೂಗಲಿಲ್ಲ. ಗಂಟಲು ಸರಿಮಾಡಿಕೊಂಡವರ ಹಾಗೆ ಚಿಕ್ಕದಾಗಿ ಒಮ್ಮೆ ಟಿಂ ಅಂದಿತು. ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು ಮೂಡಿದವು.

"ಏನಂತೆ?" ಅಂದರು ವಾಚಪ್ಪನವರು.

ಅವಳು ಓದಿ ಹೇಳಿದಳು. "ಮೆಮೊರಿ ಮೊದಲಿನಷ್ಟಿಲ್ಲ, ಜಾಸ್ತಿಯಾಗಿದೆ ಅಂತೆ. ಮುಂದಕ್ಕೆ ಹೋಗ್ಬೇಕು ಅಂದ್ರೆ ಎಫ್ ಒನ್ ಕೀ ಒತ್ಬೇ‌ಕಂತೆ."

"ಅದಕ್ಕೂ ಗೊತ್ತಾಗಿದೆಯಲ್ಲಮ್ಮ," ಅಂದರು ಅವರು. ಮುಖದ ತುಂಬ ನಗು ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು, ಎರಡನ್ನೂ ಮುಚ್ಚಿಡುವ ಪ್ರಯತ್ನ ಅವರು ಮಾಡಲಿಲ್ಲ. ಅವಳು ಕೀ ಒತ್ತಲು ಕೈ ಮುಂದೆ ಮಾಡಿದಳು.

ನಡುಮನೆಯಲ್ಲಿ ಬಟಾಣಿ ಎದ್ದಳು. ಮೊದಲು ಒಂದು ಮುಲುಕಾಟ, ಆಮೇಲೆ ಚುಚ್ಚಿದ್ದು ನೆನಪಾಗಿ ಜೋರು ಅಳು. ಸೊಸೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಅಮ್ಮಾ," ಅಂದರು ವಾಚಪ್ಪನವರು. ಅವರೂ ಎದ್ದು ನಿಂತಿದ್ದರು. ಕೈಗಳು ಪಕ್ಕದಲ್ಲಿ ಇಳಿಬಿದ್ದು ಮೆಲ್ಲಗೆ ನಡುಗುತ್ತಿದ್ದವು. ಬೆನ್ನ ಹಿಂದಕ್ಕೆ ಹೋಗಿರಲಿಲ್ಲ. "ನಾನು ಎತ್ಕೊಳ್ಲಾ?"

ಅವಳು ತಲೆಯಾಡಿಸಿದಳು. ಅವರು ಮುಂದೆ, ಅವಳು ಹಿಂದೆ. ತೊಟ್ಟಿಲ ಬಳಿ ಬಂದಾಗ, "ಎಡತೊಡೆ ಮುಟ್ಬೇಡಿ, ಚುಚ್ಚಿದಾರೆ," ಎಂದಷ್ಟೇ ಅಂದಳು.

ಅವರು ಬಗ್ಗಿದರು. ಮಗುವಿನ ಕಡೆಗೆ ಹೋಗುವಾಗ ಕೈ ನಡುಗಿತು. ಒಂದು ಕೈ ಕುತ್ತಿಗೆಯ ಕೆಳಗೆ, ಒಂದು ಕೈ ಬೆನ್ನ ಕೆಳಗೆ ಹೋಗಿ ಮುಟ್ಟಿದ ಕೂಡಲೇ ನಡುಕ ನಿಂತಿತು. ಅದು ಅವರಿಗೂ ಗೊತ್ತಾಯಿತು. ಎತ್ತಿದರು. ದಿಂಬಿಗಿಂತ ಭಾರ, ದಿಂಬಿನ ಹಾಗಲ್ಲದೆ ಕೊಸರಾಡುವ ಭಾರ. ಮಗು ಬೆನ್ನು ಬಿಲ್ಲಾಗಿಸಿ ಅತ್ತಳು. ಅವರ ತೋಳುಗಳ ನಡುವೆ ತುಸು ಜಾರಿದಳು. ಸೊಸೆಯ ಎರಡೂ ಕೈಗಳು ತಾವಾಗಿ ಮುಂದಕ್ಕೆ ಬಂದವು. ಅವಳು ಅವನ್ನು ಅಲ್ಲೇ ತಡೆದು ನಿಂತಳು.

"ಒತ್ತಿ ಹಿಡೀಬೇಕೇನಮ್ಮ?"

"ಹೂಂ ಮಾವ. ಒತ್ತಿ."

ವಾಚಪ್ಪನವರು ಮೊಮ್ಮಗಳನ್ನು ಎದೆಗೊತ್ತಿಕೊಂಡರು. ಅಳು ಒಂದು ಬಿಕ್ಕಿಗೆ ಇಳಿಯಿತು, ಆಮೇಲೆ ಮೂಗಿನ ಸದ್ದಿಗೆ. ಅವಳ ತಲೆ ಅವರ ಗಲ್ಲದ ಕೆಳಗೆ ಜಾಗ ಮಾಡಿಕೊಂಡು ಕುಳಿತಿತು. ಆ ತಲೆಯ ಹಿಂದೆ ಹರಡಿದ್ದ ಅವರ ಹೆಬ್ಬೆರಳಿನಲ್ಲಿ ಪಟ್ಟಿಯ ಅಂಚು ಕೊರೆದ ಕೆಂಪು ಗೆರೆ ಇನ್ನೂ ಹಾಗೇ ಇತ್ತು. ಅವರು ನಡುಮನೆಯಲ್ಲಿ ಅತ್ತಿಂದಿತ್ತ ನಡೆಯತೊಡಗಿದರು, ದಾರಿ ಗೊತ್ತಿದ್ದವರ ಹಾಗೆ.

ಸೊಸೆ ಗೋಡೆಗೊರಗಿ ನಿಂತು ನೋಡುತ್ತಿದ್ದಳು. ಒಳಕೋಣೆಯಲ್ಲಿ ಯಂತ್ರ ಎಚ್ಚರವಾಗಿತ್ತು. ಕೀ ಒತ್ತಲು ಹೇಳಿದ ಸಾಲಿನ ಕೊನೆಯಲ್ಲಿ ಬಿಳಿಯ ಗೆರೆಯೊಂದು ಹೊತ್ತಿ ಆರಿ, ಹೊತ್ತಿ ಆರಿ ಕಾಯುತ್ತಿತ್ತು. ಯಾರೂ ಆ ಕಡೆಗೆ ಹೋಗಲಿಲ್ಲ.